ಹೊತ್ತು ತಂದವಳು

ನನಗೆ ಹದಿನೇಳು ತುಂಬಿದ ವರ್ಷ ಹಲಸೂರಿನ ನಮ್ಮ ಶಾಲೆಗೆ ಬರ್ಮಾದಿಂದ ಓಡಿಬಂದವರನ್ನು ತಂದು ಇಳಿಸಿದರು. ಅದು ನಲವತ್ತೆರಡನೇ ಇಸವಿಯ ಬೇಸಿಗೆ. ಆ ಶಾಲೆಯಲ್ಲೇ ಎಂಟನೇ ತರಗತಿ ಮುಗಿಸಿದ್ದ ನಾನು ಅಲ್ಲೇ ಚಿಕ್ಕ ಮಕ್ಕಳಿಗೆ ಅಕ್ಷರ ತಿದ್ದಿಸುವ ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ನಮ್ಮ ಮನೆ ದೊಮ್ಮಲೂರಿನಲ್ಲಿ. ಅಪ್ಪ ಸೊಪ್ಪು, ತರಕಾರಿ ಬೆಳೆದು ಎತ್ತಿನ ಗಾಡಿಯಲ್ಲಿ ದಂಡಿನ, ಅಂದರೆ ಕಂಟೋನ್ಮೆಂಟಿನ, ಮಾರ್ಕೆಟ್ಟಿಗೆ ಒಯ್ಯುತ್ತಿದ್ದರು. ಈಗ ಇಂದಿರಾನಗರ ಎನ್ನುವ ಜಾಗದಲ್ಲಿ ಆಗ ರಾಗಿ ಹೊಲಗಳಿದ್ದವು, ನಡುವೆ ಒಂದು ಗಾಡಿದಾರಿ. ಆ ದಾರಿ ಹಿಡಿದು ಮುಕ್ಕಾಲು ಗಂಟೆ ನಡೆದರೆ ಶಾಲೆ.

ಬೇಸಿಗೆ ರಜೆಯಾದ್ದರಿಂದ ಶಾಲೆ ಖಾಲಿ ಇತ್ತು. ರಂಗೂನಿನ ಮೇಲೆ ಬಾಂಬು ಬಿದ್ದ ಮೇಲೆ ಅಲ್ಲಿದ್ದ ನಮ್ಮ ದೇಶದವರು ಕಾಡು ಬೆಟ್ಟ ಹತ್ತಿ ಇಳಿದು, ತಿಂಗಳುಗಟ್ಟಲೆ ನಡೆದು ಗಡಿ ದಾಟಿದ್ದರು. ಅವರಲ್ಲಿ ಒಂದಷ್ಟು ಮಂದಿ ರೈಲಿನಲ್ಲಿ ದಂಡು ಸ್ಟೇಷನ್ನಿಗೆ ಬಂದು ಇಳಿದರು. ಊರು, ನೆಂಟರು ಸಿಕ್ಕಿದವರು ಹೊರಟುಹೋದರು. ಎಲ್ಲಿಗೆ ಹೋಗುವುದೆಂದು ತಿಳಿಯದ ನಲವತ್ತು ಜನ ನಮ್ಮ ಶಾಲೆಯಲ್ಲಿ ಉಳಿದರು. ಹೆಚ್ಚಿನವರು ಹೆಂಗಸರು, ಮಕ್ಕಳು.

ಅವರನ್ನು ನೋಡಿಕೊಳ್ಳಲು ಸರ್ಕಾರದವರು ಒಬ್ಬ ನರ್ಸನ್ನು ಕಳಿಸಿದರು. ಈಗಿನ ಶಿವಾಜಿನಗರದವರು, ಮನೆಯಲ್ಲಿ ದಖ್ಖನಿ ಮಾತು. ಐವತ್ತು ದಾಟಿತ್ತು. ಅರ್ಧ ದಂಡಿನ ಮಕ್ಕಳು ಅವರ ಕೈಯಲ್ಲೇ ಹುಟ್ಟಿದ್ದವು. ಎಲ್ಲರೂ ಅವರನ್ನು ನರ್ಸಮ್ಮ ಎನ್ನುತ್ತಿದ್ದರು. ಬರೆಯಲು ಬರುವ, ಕನ್ನಡ ತಮಿಳು ಎರಡೂ ಆಡುವ ಒಬ್ಬ ಹುಡುಗಿ ಬೇಕು ಎಂದು ಅವರು ಕೇಳಿದಾಗ ಮುಖ್ಯೋಪಾಧ್ಯಾಯಿನಿ ನನ್ನ ಹೆಸರು ಹೇಳಿದರು. ಅಪ್ಪನ ಜೊತೆ ಗಾಡಿಯಲ್ಲಿ ಮಾರ್ಕೆಟ್ಟಿಗೆ ಹೋಗಿ ಹೋಗಿ ನನಗೆ ತಮಿಳು ಬರುತ್ತಿತ್ತು.

ಅಪ್ಪನಿಗೆ ಇಷ್ಟವಿರಲಿಲ್ಲ. "ದಾರಿಯಲ್ಲಿ ಕಾಲರಾ ಬಂದು ಅರ್ಧ ಜನ ಹೋದ್ರಂತೆ. ಅಂಟಿಸ್ಕೊಂಡು ಬಂದ್ರೆ ಏನ್ ಮಾಡ್ತೀಯ?" ಎಂದರು.

ಅವ್ವ ಒಲೆಯ ಮುಂದಿನಿಂದಲೇ ಹೇಳಿದಳು: "ಕೂಸುಗಳಿಗೆ ಹಾಲು ಕೊಡೋ ಕೆಲ್ಸ ಅಂತೆ. ಅದಕ್ಕೂ ಬ್ಯಾಡ ಅಂದ್ರೆ ಹೆಂಗೆ? ಹೋಗ್ಲಿ ಬಿಡಿ."

ಹೀಗೆ ಹೋದೆ. ಐದು ವರ್ಷದೊಳಗಿನ ಮಕ್ಕಳು ಹದಿನಾಲ್ಕು ಇದ್ದರು. ಡಬ್ಬಿಯ ಹಾಲಿನ ಪುಡಿಯನ್ನು ಕುದಿಸಿದ ನೀರಿಗೆ ಕಲಸಿ, ಬೆಳಿಗ್ಗೆ ಒಂದು ಲೋಟ, ಮಧ್ಯಾಹ್ನ ಒಂದು ಲೋಟ ಕೊಡಬೇಕು. ಯಾವ ಮಗು ಎಷ್ಟು ಕುಡಿಯಿತು ಎಂದು ಪುಸ್ತಕದಲ್ಲಿ ಬರೆಯಬೇಕು. ಸುಲಭದ ಕೆಲಸ ಎಂದುಕೊಂಡಿದ್ದೆ.

ಮೊದಲ ದಿನ ನನಗೆ ವಿಚಿತ್ರವಾಗಿ ಕಂಡದ್ದು ಅಲ್ಲಿಯ ಸದ್ದಿಲ್ಲದಿರುವಿಕೆ. ಹದಿನಾಲ್ಕು ಮಕ್ಕಳಿರುವ ಕೋಣೆಯಲ್ಲಿ ಗಲಾಟೆಯೇ ಇರಲಿಲ್ಲ. ಯಾರೂ ಓಡುತ್ತಿರಲಿಲ್ಲ, ಹಠ ಮಾಡುತ್ತಿರಲಿಲ್ಲ. ನನ್ನ ತರಗತಿಯ ಮಕ್ಕಳನ್ನು ಸುಮ್ಮನಿರಿಸಲು ಗಂಟಲು ಹರಿದುಕೊಂಡಿದ್ದ ನನಗೆ, ಎಂಥ ಒಳ್ಳೆಯ ಮಕ್ಕಳು ಅನ್ನಿಸಿತು. ಅದೇ ಮಧ್ಯಾಹ್ನ ಪೂರ್ವದ ಕಡೆಯ ವಿಮಾನದ ಮೈದಾನದಿಂದ ಒಂದು ವಿಮಾನ ಎದ್ದು ಹಲಸೂರು ಕೆರೆಯ ಮೇಲೆ ಹಾದುಹೋಯಿತು. ನಮಗೆ ಅದು ದಿನದ ಸದ್ದು. ತಿರುಗಿ ನೋಡುವಷ್ಟರಲ್ಲಿ ಹದಿನಾಲ್ಕು ಮಕ್ಕಳೂ ಬೆಂಚುಗಳ ಕೆಳಗಿದ್ದರು. ಒಂದೂ ಅಳಲಿಲ್ಲ. ತಾಯಂದಿರು ಗೋಡೆಗೆ ಬೆನ್ನು ಹಚ್ಚಿ ಕಣ್ಣು ಮುಚ್ಚಿ ಕುಳಿತಿದ್ದರು. ಆಮೇಲೆ ಆ ಮಕ್ಕಳನ್ನು ಒಳ್ಳೆಯ ಮಕ್ಕಳು ಎಂದು ನಾನು ಅಂದುಕೊಳ್ಳಲಿಲ್ಲ.

ಅವರಲ್ಲಿ ಒಬ್ಬಳ ಕತೆಯನ್ನು ಬರೆಯಲು ಹೊರಟಿದ್ದೇನೆ. ಇಪ್ಪತ್ನಾಲ್ಕು ಇಪ್ಪತ್ತೈದು ವರ್ಷದ ಹೆಂಗಸು. ಕೆ.ಆರ್. ಪುರದಿಂದ ಆಚೆ, ಹೊಸಕೋಟೆ ಕಡೆಯ ಹಳ್ಳಿಯವಳು. ಗಂಡನಿಗೆ ರಂಗೂನಿನ ಅಕ್ಕಿ ಗಿರಣಿಯಲ್ಲಿ ಕೆಲಸ ಸಿಕ್ಕಿ ಆರು ವರ್ಷದ ಹಿಂದೆ ಹಡಗು ಹತ್ತಿದ್ದಳು. ನಾನು ಆಮೇಲೆ ಅವಳನ್ನು ಅಕ್ಕ ಎಂದೇ ಕರೆದೆ. ಇಲ್ಲೂ ಹಾಗೆಯೇ ಬರೆಯುತ್ತೇನೆ.

ಅಕ್ಕನ ಜೊತೆ ಮೂರು ವರ್ಷದ ಒಂದು ಹೆಣ್ಣುಮಗು. ಹಳೆಯ ಸೀರೆ ಹರಿದು ಮಾಡಿದ ಒಂದು ಪಟ್ಟಿಯಿಂದ ಮಗುವಿನ ಸೊಂಟವನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡಿದ್ದಳು. ಕೂತರೂ ಎದ್ದರೂ ಬಚ್ಚಲಿಗೆ ಹೋದರೂ ಆ ಗಂಟು ಬಿಚ್ಚುತ್ತಿರಲಿಲ್ಲ. ಮಗುವನ್ನು ಪಾಪ ಎಂದಷ್ಟೇ ಕರೆಯುತ್ತಿದ್ದಳು. ಪಾಪ ಮಾತಾಡುತ್ತಿರಲಿಲ್ಲ. ಹಾಲಿನ ಲೋಟ ತುಟಿಗೆ ಹಿಡಿದರೆ ಹಲ್ಲು ಕಚ್ಚಿಕೊಳ್ಳುತ್ತಿತ್ತು. ಅನ್ನವನ್ನು ಕಿವುಚಿ ಕೊಟ್ಟರೆ ಎರಡು ತುತ್ತು ನುಂಗಿ ಮುಖ ತಿರುಗಿಸುತ್ತಿತ್ತು. ನನ್ನ ಪುಸ್ತಕದಲ್ಲಿ ಆ ಮಗುವಿನ ಹೆಸರಿನ ಮುಂದೆ ದಿನಾ 'ಇಲ್ಲ' ಎಂದೇ ಬರೆಯಬೇಕಾಗುತ್ತಿತ್ತು. ಅದು ನನಗೆ ಅವಮಾನದ ಹಾಗೆ ಆಗತೊಡಗಿತು.

ಎರಡು ವಾರವಾದ ಮೇಲೆ ಒಂದು ಬೆಳಿಗ್ಗೆ ನಾನೇ ಲೋಟ ಹಿಡಿದು ಅಕ್ಕನ ಮುಂದೆ ಕೂತೆ. "ಇವತ್ತು ಕುಡಿಸ್ಲೇಬೇಕು" ಎಂದೆ. ಅವಳು ಕುಡಿಸಲು ನೋಡಿದಳು. ಪಾಪ ಕೈ ಬೀಸಿತು. ಹಾಲು ಅಕ್ಕನ ಮಡಿಲಿಗೆ ಚೆಲ್ಲಿತು. ಅಕ್ಕ ಮಗುವಿನ ಕೆನ್ನೆಗೆ ಒಂದು ಬಿಟ್ಟಳು. ಮತ್ತೊಂದು ಬಿಟ್ಟಳು. ಮಗು ಅಳಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಹದಿನೇಳು ವರ್ಷದವಳು, ಟೀಚರಮ್ಮ ಅನ್ನಿಸಿಕೊಳ್ಳುತ್ತಿದ್ದವಳು, ಎಲ್ಲರೂ ಕೇಳುವಂತೆ ಕೂಗಿದೆ: "ಹೆತ್ತ ಮಗೂನ ಹೀಗಾ ಹೊಡೆಯೋದು? ನೀನು ತಾಯಿ ಹೌದೇನಮ್ಮ?"

ಅಕ್ಕ ತನ್ನ ಕೈಯನ್ನೇ ನೋಡಿಕೊಳ್ಳುತ್ತ ಇದ್ದಳು. "ಅಲ್ಲ" ಎಂದಳು.

ನನಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಹೇಳಿದಳು. ನನಗೆ ಮೊದಲು ಅರ್ಥವಾಗಲಿಲ್ಲ. ಅವಳು ನನ್ನ ಮೊಣಕೈ ಹಿಡಿದುಕೊಂಡಳು. "ನಾನು ತಾಯಿ ಅಲ್ಲ. ಅದನ್ನ ಪುಸ್ತಕದಾಗೆ ಬರೀಬ್ಯಾಡ ಟೀಚರಮ್ಮ. ಬರೆದ್ರೆ ಇದನ್ನ ಕಿತ್ಕೊಂಡು ಹೋಗ್ತಾರೆ."

ಮಧ್ಯಾಹ್ನ ಶಾಲೆಯ ಹಿಂದಿನ ಒಗೆಯುವ ಕಲ್ಲಿನ ಹತ್ತಿರ ಕೂತು ಅಕ್ಕ ಎಲ್ಲವನ್ನೂ ಹೇಳಿದಳು. ಪಾಪ ಅವಳ ಸೊಂಟದಲ್ಲಿ ತೂಕಡಿಸುತ್ತಿತ್ತು. ಗಿರಣಿಯ ಮೇಲೆ ಬಾಂಬು ಬಿದ್ದ ದಿನ ಕೆಲಸಕ್ಕೆ ಹೋದ ಗಂಡ ಹಿಂತಿರುಗಲಿಲ್ಲ. ಮೂರು ದಿನ ಕಾದು, ಅಕ್ಕಪಕ್ಕದವರು ಹೊರಟಾಗ ಇವಳೂ ಎಂಟು ತಿಂಗಳ ತನ್ನ ಗಂಡುಕೂಸನ್ನು ಎತ್ತಿಕೊಂಡು ಹೊರಟಳು. ಹತ್ತನೇ ದಿನಕ್ಕೆ ಕೂಸು ಜ್ವರ ಬಂದು ತೀರಿಹೋಯಿತು. ಆಮೇಲೆ ಎಷ್ಟು ದಿನ ನಡೆದಳೋ ನೆನಪಿಲ್ಲ. ಅದೇ ಗುಂಪಿನಲ್ಲಿ ಒಬ್ಬ ತಮಿಳು ಹೆಂಗಸು ಈ ಮಗುವಿನೊಂದಿಗೆ ನಡೆಯುತ್ತಿದ್ದಳು. ಗಂಡ ಬಂದರಿನಲ್ಲಿ ಲಾರಿ ಓಡಿಸುವವನಂತೆ, ಕೆಲಸ ಬಿಡಿಸದೆ ಅವನನ್ನು ಅಲ್ಲೇ ನಿಲ್ಲಿಸಿಕೊಂಡರಂತೆ, ಹಿಂದಿನಿಂದ ಬರುತ್ತಾನಂತೆ. ಇಷ್ಟೇ ಅಕ್ಕನಿಗೆ ಗೊತ್ತಿದ್ದದ್ದು. ಒಂದು ಹಳ್ಳದ ಹತ್ತಿರ ಆ ಹೆಂಗಸಿಗೆ ವಾಂತಿಭೇದಿ ಶುರುವಾಯಿತು. ಗುಂಪು ನಿಲ್ಲಲಿಲ್ಲ. ಅಕ್ಕ ನಿಂತಳು.

"ಅವಳು ಎತ್ಕೋ ಅಂತಾನೂ ಅನ್ಲಿಲ್ಲ" ಎಂದಳು ಅಕ್ಕ. "ಸುಮ್ನೆ ನನ್ನೇ ನೋಡ್ತಾ ಇದ್ಲು. ಸೀರೆ ಹೊದಿಸ್ಬಿಟ್ಟು ಇದನ್ನ ಎತ್ಕೊಂಡು ಬಂದೆ. ಇದು ಮೂರು ದಿನ ಹಿಂದಕ್ಕೇ ತಿರುಗಿ ತಿರುಗಿ ನೋಡ್ತಿತ್ತು. ಒಂದ್ಸಲ ಇಳಿದು ಓಡಿತ್ತು. ಅದಕ್ಕೇ ಕಟ್ಕೊಂಡಿರೋದು."

ಮಗುವಿನ ಹೆಸರೂ ಅವಳಿಗೆ ಗೊತ್ತಿರಲಿಲ್ಲ. ತಾಯಿ ಪಾಪ ಎಂದು ಕರೆಯುವುದನ್ನಷ್ಟೇ ಕೇಳಿದ್ದಳು. ಶಾಲೆಗೆ ಬಂದ ದಿನ ತನ್ನ ಬಾಯಿಗೆ ಬಂದ ಒಂದು ಹೆಸರನ್ನು ಮಗುವಿಗೆ ಬರೆಸಿ, ತಾನೇ ತಾಯಿ ಎಂದಿದ್ದಳು.

ನಾನು ಎಂಟು ದಿನ ಯಾರಿಗೂ ಹೇಳಲಿಲ್ಲ. ಆ ಎಂಟು ದಿನವೂ ಪಾಪ ಹಾಲು ಕುಡಿಯಲಿಲ್ಲ. ಕೈಕಾಲು ಕಡ್ಡಿಯಂತಾಗಿದ್ದವು. ಮಗು ಹೋಗಿಬಿಟ್ಟರೆ ಅದು ನನ್ನ ಮೌನದಿಂದಲೇ ಎಂದು ಹೆದರಿ, ಒಂಬತ್ತನೇ ದಿನ ನರ್ಸಮ್ಮನ ಮುಂದೆ ಎಲ್ಲ ಹೇಳಿಬಿಟ್ಟೆ.

ಅವರು ಕೈಯಲ್ಲಿದ್ದ ಕತ್ತರಿ ಬಟ್ಟೆ ಕೆಳಗಿಡದೆ "ಗೊತ್ತು" ಎಂದರು. "ಮೊದಲ್ನೇ ದಿನಾನೇ ಕೇಳಿದೆ, ಮಗು ಹುಟ್ಟಿದ್ದು ಯಾವ ಕಾಲದಲ್ಲಮ್ಮ, ಮಳೇಲೋ ಚಳೀಲೋ ಅಂತ. ಯೋಚನೆ ಮಾಡಿ ಹೇಳಿದ್ಲು. ಹೆತ್ತೋಳು ಅದಕ್ಕೆ ಯೋಚನೆ ಮಾಡ್ತಾಳಾ ಬೇಟಿ?"

"ಮತ್ತೆ ನೀವ್ಯಾಕೆ ಬರೀಲಿಲ್ಲ?"

"ಬರೆದ್ರೆ ಅವಳ ಕೈಯಿಂದ ಬಿಡಿಸಿ ಎಲ್ಲಿಗೋ ಕಳಿಸ್ತಾರೆ. ಆ ಬಚ್ಚಿ ಒಂದ್ಸಲ ಅಮ್ಮನ್ನ ಕಳ್ಕೊಂಡಿದೆ. ಎರಡ್ನೇ ಸಲಾನೂ ಕಳ್ಕೊಳ್ಳೋ ಹಂಗೆ ನಾನು ಮಾಡ್ಲಾ?" ಬಟ್ಟೆ ಮಡಿಸಿಟ್ಟು ನನ್ನ ಕಡೆ ತಿರುಗಿದರು. "ಅದಿರ್ಲಿ. ಅವಳು ಊಟ ಮಾಡಿದ್ದು ನೀನು ನೋಡಿದ್ಯಾ?"

ನಾನು ನೋಡಿರಲಿಲ್ಲ. ಮೂರು ವಾರ ದಿನಾ ಆ ತಾಯಿ ಮಗುವಿನ ಎದುರು ಕೂತಿದ್ದೆ. ಮಗು ಏನು ತಿಂದಿತು ಎಂದು ಗುಟುಕು ಲೆಕ್ಕದಲ್ಲಿ ಹೇಳಬಲ್ಲವಳಾಗಿದ್ದೆ. ಆ ಹೆಂಗಸು ಏನು ತಿಂದಳು, ಮಲಗಿದಳೋ ಇಲ್ಲವೋ, ನನ್ನ ತಲೆಗೇ ಬಂದಿರಲಿಲ್ಲ. ನೆನಪು ಮಾಡಿಕೊಂಡರೆ, ಅವಳ ತಟ್ಟೆಯ ಅನ್ನ ದಿನಾ ಮಗುವಿಗಾಗಿ ಕಿವುಚಿಯೇ ಇರುತ್ತಿತ್ತು. ಅದು ಒಣಗಿದ ಮೇಲೆ ಕಾಗೆಗೆ ಹಾಕುತ್ತಿದ್ದಳು.

"ನಾಳೆಯಿಂದ ಮಗು ಲೋಟ ನೋಡ್ಬೇಡ" ಎಂದರು ನರ್ಸಮ್ಮ. "ಅವಳ ತಟ್ಟೆ ನೋಡು. ಅವಳು ತಿಂದ್ರೆ ಅದು ತಿನ್ನುತ್ತೆ. ಅವಳು ನಿದ್ದೆ ಮಾಡಿದ್ರೆ ಅದು ಮಲಗುತ್ತೆ. ಮಕ್ಕಳು ನಮ್ಮ ಮಾತು ಕೇಳಲ್ಲ, ಎತ್ಕೊಂಡಿರೋರ ಮೈ ಕೇಳ್ತಾವೆ."

ಹಾಲಿನ ಪುಡಿ ಮಕ್ಕಳಿಗೆ ಮಾತ್ರ ಎಂದು ಕಟ್ಟುನಿಟ್ಟಾಗಿತ್ತು. ಅವ್ವನಿಗೆ ಹೇಳಿದೆ. ಅವ್ವ ರಾಗಿ ಮೊಳಕೆ ಕಟ್ಟಿ, ಒಣಗಿಸಿ ಬೀಸಿ, ಬೆಲ್ಲ ಹಾಕಿ ಗಂಜಿ ಕಾಸಿ ಮುಚ್ಚಳದ ತಂಬಿಗೆಯಲ್ಲಿ ಕೊಟ್ಟಳು. "ಬಾಣಂತೀರಿಗೆ ಕೊಡೋ ಹಂಗೆ ಮಾಡಿವ್ನಿ. ಎದುರಿಗೇ ಕುಡಿಸು" ಎಂದಳು. ಅಪ್ಪ ಆ ತಂಬಿಗೆಯನ್ನು ನೋಡಿಯೂ ನೋಡದವರಂತೆ ಗಾಡಿಯಲ್ಲಿ ನನಗೆ ಜಾಗ ಮಾಡಿಕೊಟ್ಟರು. ಅಂದಿನಿಂದ ಶಾಲೆಯ ತನಕ ಗಾಡಿಯಲ್ಲೇ ಬಿಟ್ಟು ಮುಂದೆ ಹೋಗುತ್ತಿದ್ದರು.

ನಾನು ಅಕ್ಕನ ಮುಂದೆ ಕೂತು ಮೊದಲು ತಪ್ಪಾಯಿತು ಎಂದೆ. ಅವಳು ಅದನ್ನು ಕೇಳಿಸಿಕೊಂಡಳೋ ಇಲ್ಲವೋ. "ಇದು ಮಗೂಗಲ್ಲ, ನಿಮಗೆ. ನೀವು ಕುಡಿಯೋ ತನಕ ನಾನು ಏಳಲ್ಲ" ಎಂದೆ. ಅವಳು ಮೊದಲ ಗುಟುಕನ್ನು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡಳು. ಆಮೇಲೆ ಕುಡಿಯುತ್ತ ಕುಡಿಯುತ್ತ ಅಳಲು ಶುರುಮಾಡಿದಳು. ಕಣ್ಣೀರು ಒರೆಸಲೂ ನಿಲ್ಲಿಸದೆ ತಂಬಿಗೆ ಖಾಲಿ ಮಾಡಿದಳು. ಪಾಪ ಅವಳ ಬಾಯನ್ನೇ ನೋಡುತ್ತಿತ್ತು. ಎರಡನೇ ದಿನವೂ ನೋಡುತ್ತ ಕೂತಿತು. ಮೂರನೇ ದಿನ ಎರಡೂ ಕೈಯಿಂದ ತಂಬಿಗೆಯ ಕಂಠ ಹಿಡಿದು ತನ್ನ ಕಡೆ ಎಳೆದುಕೊಂಡಿತು. ನಾನು ಓಡಿಹೋಗಿ ನರ್ಸಮ್ಮನನ್ನು ಕರೆತರುವಷ್ಟರಲ್ಲಿ ಅದರ ಗಲ್ಲದ ತುಂಬ ರಾಗಿ.

ನಿದ್ದೆಯದು ಇನ್ನೂ ಕಷ್ಟವಾಯಿತು. ಕಣ್ಣು ಮುಚ್ಚಿದರೆ ಮಗು ಎದ್ದು ಓಡಿಹೋಗುತ್ತದೆ ಎಂದು ಅಕ್ಕನಿಗೆ ಹೆದರಿಕೆ. ಗಂಟು ಬಿಚ್ಚಿ ಎಂದು ನರ್ಸಮ್ಮ ಹೇಳಲಿಲ್ಲ. ಆ ಪಟ್ಟಿಗೆ ಇನ್ನೊಂದು ಮೊಳ ಬಟ್ಟೆ ಸೇರಿಸಿ ಹೊಲಿದುಕೊಟ್ಟರು. ಎರಡು ದಿನ ಬಿಟ್ಟು ಮತ್ತೊಂದು ಮೊಳ. ಅಕ್ಕ ಹಜಾರದಲ್ಲಿ ಮಲಗಬೇಕು, ಪಾಪ ಅವಳ ಕಣ್ಣಳತೆಯಲ್ಲಿ ನನ್ನ ಜೊತೆ ಹೊಂಗೆಮರದ ನೆರಳಲ್ಲಿ ಕೂರಬೇಕು. ಪಟ್ಟಿ ಆರು ಮೊಳ ಆಗುವ ಹೊತ್ತಿಗೆ ಅಕ್ಕ ನಿಜವಾಗಿ ನಿದ್ದೆ ಹೋದಳು. ಅದೂ ಎಂಥ ನಿದ್ದೆ! ನೊಣ ಕೂತರೂ ಕದಲುತ್ತಿರಲಿಲ್ಲ.

ಇದನ್ನು ನೋಡಿ ಉಳಿದ ತಾಯಂದಿರೂ ಬಂದರು. ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಅವರೆಲ್ಲ ಹಜಾರದಲ್ಲಿ ಸಾಲಾಗಿ ಮಲಗುವುದು, ಹದಿನಾಲ್ಕು ಮಕ್ಕಳೂ ಮರದ ಕೆಳಗೆ ನನ್ನ ಸುತ್ತ ಇರುವುದು ಎಂದು ರೂಢಿಯಾಯಿತು. ಮೊದಮೊದಲು ಕೆಲವು ತಾಯಂದಿರು ಮಲಗಿದ ಹಾಗೆ ಮಾಡಿ ರೆಪ್ಪೆಯ ಸಂದಿಯಿಂದ ನೋಡುತ್ತಿದ್ದರು. ನರ್ಸಮ್ಮ ಅದಕ್ಕೂ ಬೈಯಲಿಲ್ಲ. "ನೋಡ್ಲಿ. ನೋಡಿ ನೋಡಿ ಸುಸ್ತಾಗಿ ಮಲಗ್ತಾರೆ" ಎಂದರು.

ಆ ಹೊತ್ತಿನಲ್ಲೇ ದಿನಾ ಒಂದೋ ಎರಡೋ ವಿಮಾನ ಬರುತ್ತಿದ್ದವು. ಬೆಂಚುಗಳು ಒಳಗಿದ್ದವು, ನುಗ್ಗಲು ಜಾಗವಿರಲಿಲ್ಲ. ಮಕ್ಕಳೆಲ್ಲ ನನ್ನ ಮೈಮೇಲೆ ಬೀಳುತ್ತಿದ್ದರು. ಏನು ಮಾಡಬೇಕೆಂದು ತೋಚದೆ ಒಂದು ದಿನ ಜೋರಾಗಿ ಎಣಿಸತೊಡಗಿದೆ. ಒಂದು, ಎರಡು, ಮೂರು. ಇಪ್ಪತ್ತರ ಹತ್ತಿರ ಸದ್ದು ಕೆರೆ ದಾಟಿ ಹೋಯಿತು. "ನೋಡಿ, ಇಪ್ಪತ್ತಕ್ಕೆ ಹೋಯ್ತು" ಎಂದೆ. ಮಾರನೇ ದಿನ ಕೆಲವರು ನನ್ನ ಜೊತೆ ಎಣಿಸಿದರು. ತಮಿಳಿನವರು ತಮಿಳಿನಲ್ಲಿ, ತೆಲುಗಿನವರು ತೆಲುಗಿನಲ್ಲಿ ಎಣಿಸಿದರು. ಒಂದು ವಾರದಲ್ಲಿ ವಿಮಾನ ಬಂದರೆ ಮೇಲೆ ನೋಡಿ ಅರಚಿ ಎಣಿಸುವುದೇ ಒಂದು ಆಟವಾಯಿತು. ನಾನು ಮುಂದೆ ಮೂವತ್ತಾರು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದೆ. ಅಷ್ಟು ಬೇಗ ಕಲಿತ ಮಕ್ಕಳನ್ನು ಮತ್ತೆ ನೋಡಲಿಲ್ಲ.

ಪಾಪ ಎಣಿಸುತ್ತಿರಲಿಲ್ಲ. ನನ್ನ ಸೆರಗು ಹಿಡಿದು ನಿಂತಿರುತ್ತಿತ್ತು. ಮುಂಗಾರಿನ ಗಾಳಿ ಬೀಸುವ ಒಂದು ಮಧ್ಯಾಹ್ನ ವಿಮಾನ ಬಂತು. ಎಲ್ಲರೂ ಆರು ಎಂದರು. ಒಬ್ಬ ಹುಡುಗಿಗೆ ಕೆಮ್ಮು ಬಂತು, ಉಳಿದವರೂ ತಡವರಿಸಿದರು. ಆ ಸಂದಿಯಲ್ಲಿ ಪಾಪ "ಏಳು" ಎಂದಿತು. ಗಟ್ಟಿಯಾಗಿಯೇ ಹೇಳಿತು. ತಮಿಳಿನಲ್ಲೂ ಏಳು ಏಳೇ. ಹಜಾರದಲ್ಲಿ ಮಲಗಿದ್ದ ಅಕ್ಕ ಧಡಕ್ಕನೆ ಎದ್ದು ಕೂತಳು. "ಯಾರು ನನ್ನ ಏಳು ಅಂದಿದ್ದು?" ಎಂದಳು. ಎಲ್ಲ ಹೆಂಗಸರೂ ನಕ್ಕರು. ಆ ಶಾಲೆಯಲ್ಲಿ ಅವರು ಒಟ್ಟಿಗೆ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ಯಾರೆಂದು ತಿಳಿದ ಮೇಲೆ ಅಕ್ಕ ನಗಲಿಲ್ಲ. ಪಟ್ಟಿಯನ್ನು ತಾನೇ ಬಿಚ್ಚಿಟ್ಟು ಬಂದು, ಪಾಪನ ಮುಂದೆ ಕೂತು, "ಇನ್ನೊಂದ್ಸಲ ಅನ್ನು" ಎಂದಳು.

ಇದಾದ ಕೆಲವೇ ದಿನಕ್ಕೆ ಶಾಲೆ ಶುರುವಾಗಿ, ಉಳಿದವರನ್ನು ಹಿಂದಿನ ಹೆಂಚಿನ ಷೆಡ್ಡಿಗೆ ಸಾಗಿಸಿದರು. ಒಂದು ದಿನ ಅಕ್ಕನ ಅಣ್ಣ ಬಂದರು. ಹೊಸಕೋಟೆ ಸಂತೆಯಲ್ಲಿ ಯಾರೋ ಸುದ್ದಿ ಹೇಳಿದ್ದರಂತೆ. ಒಳ್ಳೆಯ ಮನುಷ್ಯರೇ. ತಂಗಿಯನ್ನು ನೋಡಿ ಅತ್ತರು. ಅಕ್ಕ ಅವರ ಹತ್ತಿರ ಸುಳ್ಳು ಹೇಳಲಿಲ್ಲ.

"ನೀನು ಬಾ" ಎಂದರು ಅಣ್ಣ. "ಅಪ್ಪ ಅವ್ವ ಇಲ್ದಿದ್ರೂ ನಾನಿಲ್ವಾ? ಆದ್ರೆ ಇದು ಯಾರದೋ ಏನೋ. ಯಾವ ಜಾತಿಯೋ. ಹಟ್ಟಿಗೆ ಕರ್ಕೊಂಡು ಹೋದ್ರೆ ನಾಳೆ ನನ್ನ ಹೆಣ್ಮಕ್ಕಳಿಗೆ ಗಂಡು ಸಿಕ್ಕಲ್ಲ. ಅನಾಥಾಲಯಕ್ಕೆ ಬಿಡು, ಅಲ್ಲಿ ಚೆನ್ನಾಗಿ ನೋಡ್ಕೊಳ್ತಾರೆ."

"ಹಂಗಾದ್ರೆ ನಾನು ಇಲ್ಲೇ ಇರ್ತೀನಿ ಕಣಣ್ಣ" ಎಂದಳು ಅಕ್ಕ. ಅಣ್ಣ ತಂದಿದ್ದ ಅವರೆಕಾಳಿನ ಗಂಟನ್ನು ಬಿಟ್ಟು ಹೋದರು. ಮತ್ತೆ ಎರಡು ವರ್ಷ ಬರಲಿಲ್ಲ.

ಆ ಸಂಜೆ ಅಕ್ಕ ತಾನಾಗಿಯೇ ನರ್ಸಮ್ಮನ ಹತ್ತಿರ ಹೋದಳು. ನಾನು ಅಲ್ಲೇ ಇದ್ದೆ. "ಅಮ್ಮ, ಇದರಪ್ಪ ಬದುಕಿದ್ರೆ ಹುಡುಕ್ತಾ ಇರ್ತಾನೆ ಅಲ್ವಾ?" ಎಂದು ಕೇಳಿದಳು. "ನನ್ನ ಗಂಡ ಎಲ್ಲಾದ್ರೂ ಇದ್ದು, ನನ್ನ ಕೂಸು ಯಾರ ಹತ್ರಾನೋ ಇದ್ದಿದ್ರೆ, ಅವರು ಮುಚ್ಚಿಡ್ಲಿ ಅಂತ ನಾನು ಬಯಸ್ತಿದ್ನಾ?"

ನರ್ಸಮ್ಮ ಕೇಳಿದರು: "ಬಂದ್ರೆ ಕೊಡಬೇಕಾಗುತ್ತೆ. ಕೊಡ್ತೀಯಾ?"

"ಗೊತ್ತಿಲ್ಲ" ಎಂದಳು ಅಕ್ಕ. "ಮೊದ್ಲು ಬರೀರಿ."

ನಾನು ಬರೆದೆ. ಮಗುವಿನ ಎಡಗಿವಿಯ ಹಿಂದಿನ ಮಚ್ಚೆ, ತಾಯಿಯ ಎತ್ತರ, ಬಣ್ಣ, ಉಟ್ಟಿದ್ದ ಹಸಿರು ಸೀರೆ, ಹಳ್ಳದ ಗುರುತು ಎಲ್ಲ ಬರೆದೆ. ತಾಯಿಯ ಮೂಗಿನಿಂದ ತೆಗೆದ ಮೂಗುತಿಯೊಂದನ್ನು ಅಕ್ಕ ಸೆರಗಿನ ತುದಿಯಲ್ಲಿ ಗಂಟು ಹಾಕಿಟ್ಟುಕೊಂಡಿದ್ದಳು. ಅದನ್ನು ಮಾತ್ರ ಬರೆಯಬೇಡ ಎಂದರು ನರ್ಸಮ್ಮ. "ಬಂದವನು ತಾನೇ ಹೇಳ್ಲಿ." ತಮಿಳು ಅಕ್ಷರ ಬಲ್ಲ ಒಬ್ಬರಿಂದ ಅದನ್ನು ತಮಿಳಿನಲ್ಲಿ ಬರೆಸಿ, ನೋಡಿಕೊಂಡು ಹತ್ತು ಸಲ ನಕಲು ಮಾಡಿದೆ. ನರ್ಸಮ್ಮ ಅವನ್ನು ಮದ್ರಾಸಿಗೆ, ಬೇರೆ ಬೇರೆ ಊರಿನ ಛತ್ರಗಳಿಗೆ ಕಳಿಸಿದರು.

ದಸರಾ ಕಳೆದ ಮೇಲೆ ಅವನು ಬಂದ. ಕೋಲು ಊರಿಕೊಂಡು, ಬಲಗಾಲಿನ ಎರಡು ಬೆರಳಿಲ್ಲದೆ, ಅಂಗಿಯೊಳಗೆ ಮೈಯೇ ಇಲ್ಲದಂತಿದ್ದ ಒಬ್ಬ ಮನುಷ್ಯ. ಗಡಿಯ ಕಡೆಯ ಆಸ್ಪತ್ರೆಯಲ್ಲಿ ಮೂರು ತಿಂಗಳು ಮಲಗಿದ್ದು, ಮದ್ರಾಸಿಗೆ ಬಂದಾಗ ಛತ್ರದ ಗೋಡೆಯ ಮೇಲೆ ನನ್ನ ಕಾಗದ ನೋಡಿದ್ದನಂತೆ. ಹೆಂಡತಿ ಸತ್ತದ್ದನ್ನೂ ಮಗಳು ಬದುಕಿರುವುದನ್ನೂ ಒಂದೇ ಹಾಳೆಯಲ್ಲಿ ಓದಿದ್ದ. ಅವನು ತಮಿಳಿನಲ್ಲಿ ಆಡಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅವಳ ಮೈಮೇಲೆ ಒಡವೆ ಏನಿತ್ತು?" ಎಂದು ನರ್ಸಮ್ಮ ಕೇಳಿದರು.

"ಮೂಗುತಿ. ಕೆಂಪು ಹರಳು. ಒಂದು ಪಕ್ಕ ಚೂರು ಒಡೆದಿತ್ತು. ಬದಲಾಯಿಸಿಕೊಡ್ತೀನಿ ಅಂತ ಹೇಳಿ ಹೇಳಿ ಬದಲಾಯಿಸಲೇ ಇಲ್ಲ."

ಅಕ್ಕ ಸೆರಗಿನ ಗಂಟು ಬಿಚ್ಚಿ ಅವನ ಅಂಗೈಯಲ್ಲಿಟ್ಟಳು.

ಪಾಪ ಅಕ್ಕನ ಹಿಂದೆ ಅವಿತುಕೊಂಡಿತ್ತು. ಅವನು ಮಗುವಿನ ನಿಜವಾದ ಹೆಸರು ಹಿಡಿದು ಕರೆದ. ನಮ್ಮಲ್ಲಿ ಯಾರೂ ಕೇಳಿರದ ಹೆಸರು. ಮಗು ತಟ್ಟನೆ ತಲೆಯೆತ್ತಿತು. ಆದರೆ ಹೋಗಲಿಲ್ಲ. ಅವನ ಕೋಲು, ಗಡ್ಡ ನೋಡಿ ಮತ್ತೆ ಅಕ್ಕನ ಸೀರೆಯೊಳಗೆ ಮುಖ ಹುದುಗಿಸಿತು. ಅವನು ಮುಂದೆ ಬರಲು ನೋಡಿದಾಗ ನರ್ಸಮ್ಮ ಅಡ್ಡ ಕೈಯಿಟ್ಟರು.

"ಎಲ್ಲೂ ಹೋಗಲ್ಲ ಅದು. ನೀವು ಮೊದ್ಲು ಊಟ ಮಾಡಿ. ದಿನಾ ಬನ್ನಿ. ಮುಟ್ಬೇಡಿ, ಕರೀಬೇಡಿ, ಸುಮ್ನೆ ಕೂತ್ಕೊಳ್ಳಿ. ಅದೇ ಬರುತ್ತೆ."

ಅವನು ಕಂಟೋನ್ಮೆಂಟಿನಲ್ಲಿ ಮಿಲಿಟರಿ ಲಾರಿ ರಿಪೇರಿಯ ಷೆಡ್ಡಿನಲ್ಲಿ ಕೆಲಸ ಹಿಡಿದು, ದಿನಾ ಸಂಜೆ ಬಂದು ಹೊಂಗೆಮರದ ಕೆಳಗೆ ಕೂರುತ್ತಿದ್ದ. ಹತ್ತೊಂಬತ್ತು ದಿನ ಕೂತ. ಅಕ್ಕ ಪ್ರತಿದಿನ ಒಂದೊಂದು ಹೆಜ್ಜೆ ಹತ್ತಿರ ಹೋಗಿ ಕೂರುತ್ತಿದ್ದಳು, ಮಗುವನ್ನು ತೊಡೆಯ ಮೇಲಿಟ್ಟುಕೊಂಡು. ತನ್ನಿಂದ ಹೋಗಬೇಕಾದ ಮಗುವನ್ನು ತಾನೇ ಅವನ ಕಡೆ ಒಯ್ಯುತ್ತಿದ್ದಾಳೆ ಎಂದು ನನಗೆ ನೋಡಲು ಆಗುತ್ತಿರಲಿಲ್ಲ. ಒಮ್ಮೆ ಕೇಳಿಯೂ ಕೇಳಿದೆ. "ನಾನು ಅತ್ರೆ ಅದು ಹೆದರುತ್ತೆ. ಅದಕ್ಕೇ ಅಳಲ್ಲ" ಎಂದಳು. ಇಪ್ಪತ್ತನೇ ದಿನ ಮಗು ಇಳಿದು ಹೋಗಿ ಅಪ್ಪನ ಕಾಲಿನ ಇಲ್ಲದ ಬೆರಳುಗಳ ಜಾಗವನ್ನು ಮುಟ್ಟಿ ನೋಡಿತು. ಮಿಕ್ಕ ಮೂರನ್ನು ಎಣಿಸಿತು.

ಮುಂದೇನು ಎಂಬ ಪ್ರಶ್ನೆ ಬಂತು. ಮನೆಗೆ ಬಂದು ಮಗುವನ್ನು ನೋಡಿಕೊಳ್ಳುತ್ತೀರಾ ಎಂದು ಅವನು ಅಕ್ಕನನ್ನು ಮರ್ಯಾದೆಯಿಂದಲೇ ಕೇಳಿದ. ಗಂಡನ ಸುದ್ದಿ ಖಚಿತವಾಗದ ಹೆಂಗಸು ಇನ್ನೊಬ್ಬ ಗಂಡಸಿನ ಮನೆಯಲ್ಲಿ ಇರುವುದು ಹೇಗೆ? ನರ್ಸಮ್ಮ ಓಡಾಡಿ ಹಲಸೂರಿನ ಒಂದು ವಠಾರದಲ್ಲಿ ಎರಡು ಮನೆ ಹುಡುಕಿದರು. ಒಂದರಲ್ಲಿ ಮಗುವಿನ ಅಪ್ಪ, ಇನ್ನೊಂದರಲ್ಲಿ ಒಬ್ಬ ಮುದುಕಿಯ ಜೊತೆ ಅಕ್ಕ. ನಡುವೆ ಒಂದು ಬಾವಿ. ಮಗು ಎರಡೂ ಮನೆಯಲ್ಲಿ ಬೆಳೆಯಿತು. ಅಕ್ಕನಿಗೆ ನಮ್ಮ ಶಾಲೆಯಲ್ಲೇ ಚಿಕ್ಕ ಮಕ್ಕಳ ಆಯಾ ಕೆಲಸ ಸಿಕ್ಕಿತು. ಅವಳ ಗಂಡನ ಸುದ್ದಿ ಎಂದೂ ಬರಲಿಲ್ಲ.

ನಾಲ್ಕು ವರ್ಷ ಹೀಗೆ ನಡೆಯಿತು. ಯುದ್ಧ ಮುಗಿದು ಮಿಲಿಟರಿ ಷೆಡ್ಡು ಮುಚ್ಚಿದಾಗ ಅವನಿಗೆ ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಯ ನೆಂಟರು ಹೆಣ್ಣು ನೋಡಿ ಮದುವೆಯನ್ನೂ ಮಾಡಿದರು. ಅಕ್ಕ ಏನು ಮಾಡುತ್ತಾಳೋ ಎಂದು ನಾನು ಹೆದರಿದ್ದೆ. ಅವಳು ಆ ಹೊಸ ಹೆಂಡತಿಯನ್ನು ಹದಿನೈದು ದಿನ ತನ್ನ ಮನೆಯಲ್ಲಿ ಇಟ್ಟುಕೊಂಡಳು. ಇಪ್ಪತ್ತು ವರ್ಷದ ಹುಡುಗಿ, ಏಳು ವರ್ಷದ ಮಗಳನ್ನು ಹೇಗೆ ನೋಡಿಕೊಳ್ಳುವುದೋ ಎಂದು ಬೆವರುತ್ತಿದ್ದಳು. ಅಕ್ಕ ಒಂದೊಂದಾಗಿ ಹೇಳಿಕೊಟ್ಟಳು. "ಗೋಡೆ ಪಕ್ಕ ಮಲಗಿಸ್ಬೇಡ, ಬಾಗಿಲು ಕಾಣೋ ಹಂಗೆ ಮಲಗಿಸು. ಸಿಡಿಲು ಬಂದ್ರೆ ಜೊತೇಲಿ ಕೂತು ಎಣಿಸು. ಅವಳಮ್ಮನ ಬಗ್ಗೆ ಕೇಳಿದ್ರೆ ಹೇಳು, ಮುಚ್ಚಬೇಡ. ಸಿಟ್ಟು ಬಂದು ಒಂದೇಟು ಹೊಡೆದ್ರೆ, ಕೆಟ್ಟೋಳು ಅಂತ ಅಂದ್ಕೊಂಡು ಕೂರ್ಬೇಡ. ನಿಂಗೆ ಹೊಟ್ಟೆ ಹಸಿದಿದ್ಯಾ ಅಂತ ಮೊದ್ಲು ನೋಡ್ಕೋ. ಕೈಲಾಗದಿದ್ರೆ ಕಾಗದ ಹಾಕು, ಬರ್ತೀನಿ."

ಹೊರಡುವ ದಿನ ನಾವು ದಂಡು ಸ್ಟೇಷನ್ನಿಗೆ ಹೋದೆವು. ಮಗು ಅತ್ತಿತು. ಅಕ್ಕ ಅಳಲಿಲ್ಲ. ರೈಲು ಹೋದ ಮೇಲೆ ಪ್ಲಾಟ್‌ಫಾರಂ ಮೇಲೆ ಕೂತುಬಿಟ್ಟಳು. ಎರಡು ರೈಲು ಬಂದು ಹೋಗುವ ತನಕ ನಾವಿಬ್ಬರೂ ಅಲ್ಲೇ ಇದ್ದೆವು. ಮೂರು ದಿನ ಶಾಲೆಗೆ ಬರಲಿಲ್ಲ. ನಾಲ್ಕನೇ ದಿನ ಬಂದು ಮಕ್ಕಳ ಚಾಪೆ ಹಾಸಿದಳು.

ಹೊಸ ಹೆಂಡತಿಯಿಂದ ಕಾಗದಗಳು ಬರುತ್ತಲೇ ಇದ್ದವು. ಓದಿ ಹೇಳುವವಳೂ ಉತ್ತರ ಬರೆಯುವವಳೂ ನಾನೇ. ಪ್ರತಿ ಬೇಸಿಗೆಗೆ ಮಗಳು ಹಲಸೂರಿಗೆ ಬರುತ್ತಿದ್ದಳು. ಮಾತು ಬಾರದಿದ್ದ ಆ ಮಗು ಬಾಯಿ ಮುಚ್ಚಿಸಲಾಗದ ವಾಚಾಳಿಯಾಯಿತು. ಅದನ್ನು ಕಣ್ಣಾರೆ ನೋಡಿದ ಮೇಲೆಯೇ ನರ್ಸಮ್ಮ ತೀರಿಕೊಂಡರು.

ಹುಡುಗಿ ಬೆಳೆದು, ಮದುವೆಯಾಗಿ, ಬಸುರಿಯಾದಾಗ ಬಾಣಂತನ ಎಲ್ಲಿ ಎಂಬ ಮಾತು ಬಂತು. ಚಿಕ್ಕಮ್ಮ, ಅಂದರೆ ಆ ಹೊಸ ಹೆಂಡತಿ, ಕೋಲಾರದಲ್ಲಿ ಎಲ್ಲ ಸಿದ್ಧ ಮಾಡಿದ್ದಳು. ಹುಡುಗಿ, "ಮೊದಲ್ನೇದು ತವರಲ್ಲೇ ಆಗ್ಬೇಕು, ಹಲಸೂರಿಗೆ ಹೋಗ್ತೀನಿ" ಎಂದಳಂತೆ. ಚಿಕ್ಕಮ್ಮ ಬೇಸರ ಮಾಡಿಕೊಳ್ಳದೆ ತಾನೂ ಜೊತೆಗೆ ಬಂದಳು. ವಠಾರದ ಆ ಒಂದೇ ಕೋಣೆಯ ಮನೆಯಲ್ಲಿ ಐದು ತಿಂಗಳು ಮೂವರು ಹೆಂಗಸರು, ಒಂದು ಕೂಸು. ನಾನು ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಹೋಗುತ್ತಿದ್ದೆ. ಒಂದು ಸಂಜೆ ಹೋದಾಗ ಬಾಣಂತಿ ಮಲಗಿದ್ದಳು, ಚಿಕ್ಕಮ್ಮ ಬಟ್ಟೆ ಒಗೆಯುತ್ತಿದ್ದಳು. ಅಕ್ಕ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ನೀರು ಕಾದಿದೆಯೇ ನೋಡು ಎಂದು ನನಗೆ ಹೇಳಿದಳು. ನಾನು ಹಂಡೆಯ ಮುಚ್ಚಳ ತೆಗೆದು ನೋಡಿ, ಕಾದಿದೆ ಎಂದೆ.